ಹಬ್ಬ ಒಂದು ದಿನ, ಕಂತು ಹನ್ನೆರಡು ತಿಂಗಳು



ದೀಪಾವಳಿ ಹತ್ತಿರ ಬಂತು ಅಂದ್ರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕೂ ಊರಿನ ಬಸ್‌ಸ್ಟ್ಯಾಂಡ್ ಸುತ್ತ ಬ್ಯಾನರುಗಳು ಏಳ್ತಾವೆ. ಬಟ್ಟೆ ಅಂಗಡಿ, ಮೊಬೈಲ್ ಅಂಗಡಿ, ಬೈಕಿನ ಷೋರೂಮು. ‘ಶೂನ್ಯ ಬಡ್ಡಿ’, ‘ಮುಂಗಡ ಬೇಡ’, ‘ಇವತ್ತೇ ಒಯ್ಯಿರಿ, ಆಮೇಲೆ ಕೊಡಿ’. ಚನ್ನಗಿರಿ ಕಡೆ ಅಡಿಕೆ ಕೊಯ್ಲು ನಡೆದಿರ್ತದೆ. ಹೊನ್ನಾಳಿ, ಜಗಳೂರು ಕಡೆ ಮೆಕ್ಕೆಜೋಳ ಕಣಕ್ಕೆ ಬಂದಿರ್ತದೆ. ಯಾರ ಕೈಗೆ ಯಾವ ತಿಂಗಳು ದುಡ್ಡು ಬರ್ತದೆ ಅನ್ನೋದು ಬ್ಯಾನರ್ ಕಟ್ಟೋರಿಗೆ ನಮಗಿಂತ ಚೆನ್ನಾಗಿ ಗೊತ್ತು. ತೋಟ ಇದ್ದೋರಿಗೆ ಫಸಲಿನ ದುಡ್ಡು. ನಮ್ಮ ಮನೆಗಳಿಗೆ ಬರೋದು ಅಡಿಕೆ ಸುಲಿದ ಕೂಲಿ, ಜೋಳ ಮುರಿದ ಕೂಲಿ. ಆದ್ರೆ ಬ್ಯಾನರ್ ಎಲ್ಲರನ್ನೂ ಒಂದೇ ತರ ಕರೀತದೆ. ಜಾತಿ ಕೇಳದೆ ಒಳಗೆ ಕರೆದು, ಕುರ್ಚಿ ಹಾಕಿ, ಟೀ ಕೊಡೋ ಜಾಗ ಈ ಕಾಲದಲ್ಲಿ ಸಾಲದ ಅಂಗಡಿ ಅನ್ನೋ ಹಂಗಾಗಿದೆ.

ಹೋರಾಟದ ಹಾಳೆಯಲ್ಲಿ ಅಂಗಡಿ ಲೆಕ್ಕ ಯಾಕ್ರಪ್ಪ ಅಂತ ಕೆಲವರು ಕೇಳಬಹುದು. ಕೇಳಲಿ. ನಿಮ್ಮ ಕೇರಿಯ ಹಿರಿಯರ ಹತ್ತಿರ ಕೂತು, ಹಿಂದಿನೋರು ಜೀತಕ್ಕೆ ಬಿದ್ದದ್ದು ಹೆಂಗೆ ಅಂತ ವಿಚಾರಿಸಿ. ಯಾವನೂ ಬಂಗಲೆ ಕಟ್ಟೋಕೆ ಸಾಲ ಮಾಡಿ ಜೀತಕ್ಕೆ ಬೀಳಲಿಲ್ಲ. ಮದುವೆಗೆ ನೂರು ರೂಪಾಯಿ, ಹಬ್ಬಕ್ಕೆ ಎರಡು ಪಲ್ಲ ಜೋಳ, ಕಾಯಿಲೆಗೆ ಐವತ್ತು ರೂಪಾಯಿ. ಕೊಟ್ಟೋನು ಪುಸ್ತಕದಲ್ಲಿ ಬರ್ಕೊಂಡ. ತಗೊಂಡೋನಿಗೆ ಓದೋಕೆ ಬರ್ತಿರಲಿಲ್ಲ. ಮಗ ದುಡಿದ, ಮೊಮ್ಮಗ ದುಡಿದ, ಪುಸ್ತಕದ ಲೆಕ್ಕ ಮುಗೀಲಿಲ್ಲ. 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ ಬಂದು, 1976ರಲ್ಲಿ ಜೀತ ಪದ್ಧತಿ ರದ್ದು ಕಾಯ್ದೆಯಾಯ್ತು. ಅದೇ 1976ರಲ್ಲಿ ದೇವರಾಜ ಅರಸು ಸರ್ಕಾರ ಋಣ ಪರಿಹಾರ ಕಾಯ್ದೆ ತಂದು ಭೂಮಿ ಇಲ್ಲದ ಕೂಲಿಗಳ, ಸಣ್ಣ ರೈತರ ಹಳೇ ಸಾಲಕ್ಕೆ ಗೆರೆ ಎಳೆಯಿತು. ಅಂದ್ರೆ ಹಬ್ಬದ ಸಾಲ ಅನ್ನೋದು ನಮ್ಮ ಚರಿತ್ರೆಯ ಹೊರಗಿನ ವಿಷಯ ಅಲ್ಲ. ಈಗ ವ್ಯತ್ಯಾಸ ಇಷ್ಟೇ. ನಮಗೆ ಓದೋಕೆ ಬರ್ತದೆ, ಆದ್ರೆ ಓದದೇ ಬೆರಳು ಒತ್ತುತಾ ಇದೀವಿ. ಅಜ್ಜನ ಹೆಬ್ಬೆಟ್ಟು ಕಾಗದದ ಮೇಲೆ ಇತ್ತು, ನಮ್ಮ ಹೆಬ್ಬೆಟ್ಟು ಫೋನಿನ ಗಾಜಿನ ಮೇಲೆ ಇದೆ.

ಹಂಗಂತ ಹಬ್ಬ ಮಾಡಬೇಡಿ, ಹೊಸ ಬಟ್ಟೆ ಬೇಡ, ಹಳೇದೇ ಒಗೆದು ಹಾಕ್ಕೊಳ್ಳಿ ಅಂತ ಉಪದೇಶ ಮಾಡೋ ಜನ ನಾವಲ್ಲ. ಆ ಉಪದೇಶ ಹೊಟ್ಟೆ ತುಂಬಿದೋರು ಮಾಡ್ತಾರೆ. ಕೇರಿಯೋರು ಹೊಸ ಪಂಚೆ ಉಟ್ಟರೆ, ಕಾಲಿಗೆ ಚಪ್ಪಲಿ ಮೆಟ್ಟಿದ್ರೆ ಸಹಿಸದೇ ಇದ್ದ ಊರುಗಳು ಇವೇ. ಧಣಿ ಮನೆಯ ಹರಕು ಅಂಗಿಯೇ ಹಬ್ಬದ ಅಂಗಿ ಆಗಿದ್ದ ಕಾಲ ಬಹಳ ಹಿಂದಿನದೇನಲ್ಲ. ಅಂಥ ಕಡೆ ಹುಡುಗನೊಬ್ಬ ಇಸ್ತ್ರಿ ಮಾಡಿದ ಹೊಸ ಶರ್ಟು ಹಾಕ್ಕೊಂಡು, ಕೈಯಲ್ಲೊಂದು ಒಳ್ಳೆ ಫೋನು ಹಿಡ್ಕೊಂಡು ಊರ ಮುಂದೆ ನಡೆದ್ರೆ ಅದು ಬರೀ ಶೋಕಿ ಅಲ್ಲ, ಅದರೊಳಗೆ ಒಂದು ಉತ್ತರ ಇದೆ. ನಾವು ಅದನ್ನ ಪ್ರೀತಿಸ್ತೀವಿ. ಹಿರೇರಿಗೆ ಎಡೆ ಇಡುವಾಗ ಹೊಸ ಬಟ್ಟೆ ಇಡಬೇಕು ಅಂತ ಅವ್ವ ಆಸೆಪಟ್ಟರೆ ಅದೂ ತಪ್ಪಲ್ಲ. ಉಣ್ಣದೆ ಸತ್ತೋರಿಗೆ ಸತ್ತ ಮೇಲಾದ್ರೂ ಒಂದು ಹೊಸ ಸೀರೆ.

ಸಿಟ್ಟು ಬರೋದು ಬೇರೆ ಕಡೆ. ಈ ಆಸೆ ಎಷ್ಟು ಆಳದ್ದು ಅಂತ ಅಂಗಡಿಯೋನಿಗೆ, ಅವನ ಹಿಂದೆ ಕೂತಿರೋ ಸಾಲದ ಕಂಪನಿಗೆ ಗೊತ್ತು. ನಮ್ಮ ಸ್ವಾಭಿಮಾನದ ಮೇಲೆ ಅವರು ಬಡ್ಡಿ ಹಾಕ್ತಾ ಇದಾರೆ.

ಮೊದಲು ಆ ‘ಶೂನ್ಯ ಬಡ್ಡಿ’ ಬಿಚ್ಚಿ ನೋಡೋಣ. ಒಂದು ಲೆಕ್ಕ ಇಟ್ಕೊಳ್ಳಿ. ಫೋನಿನ ಡಬ್ಬಿ ಮೇಲೆ 15,000 ಅಂತ ಇದೆ. ನಗದು ಎಣಿಸಿದ್ರೆ ಚೌಕಾಸಿ ಮಾಡಿ 14,000ಕ್ಕೆ ಕೊಡ್ತಾನೆ. ಕಂತು ಅಂದ ತಕ್ಷಣ ಆ ಸಾವಿರದ ರಿಯಾಯ್ತಿ ಮಾಯ. ಮೇಲೆ ಫೈಲ್ ಚಾರ್ಜು ಅಂತ 600, ಕೇಳದೇ ಸೇರಿಸಿದ ಫೋನಿನ ವಿಮೆ 500. ಒಟ್ಟು 16,100. ಹದಿನಾಲ್ಕು ಸಾವಿರದ ವಸ್ತುವಿಗೆ 2,100 ಹೆಚ್ಚಿಗೆ ಕೊಟ್ಟು ನಾವು ‘ಬಡ್ಡಿ ಇಲ್ಲ’ ಅಂತ ಖುಷಿಯಾಗಿ ಮನೆಗೆ ಹೋಗ್ತೀವಿ. ನಮ್ಮ ಮಾತು ನಂಬಬೇಡಿ, ರಿಸರ್ವ್ ಬ್ಯಾಂಕೇ 2013ರ ಸೆಪ್ಟೆಂಬರಿನಲ್ಲಿ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿ, ಶೂನ್ಯ ಬಡ್ಡಿ ಅನ್ನೋದು ಇಲ್ಲವೇ ಇಲ್ಲ, ಅದನ್ನ ಬೇರೆ ಚಾರ್ಜಿನ ಹೆಸರಲ್ಲಿ ವಸೂಲಿ ಮಾಡಿ ಗಿರಾಕಿಗೆ ಮೋಸ ಮಾಡಬೇಡಿ ಅನ್ನೋ ಅರ್ಥದಲ್ಲಿ ಹೇಳಿತ್ತು. ಬ್ಯಾನರ್ ಮಾತ್ರ ಹೆಸರು ಬದಲಾಯಿಸಿಕೊಂಡು ಹಂಗೇ ನಿಂತಿದೆ.

ಇನ್ನೊಂದು ಮಾತು ಹೇಳ್ತಾರೆ, ‘ತಿಂಗಳಿಗೆ ಒಂದೇ ರೂಪಾಯಿ ಬಡ್ಡಿ ಬ್ರದರ್’. ನೂರಕ್ಕೆ ತಿಂಗಳಿಗೆ ಒಂದು ಅಂದ್ರೆ ವರ್ಷಕ್ಕೆ ಹನ್ನೆರಡು, ಪರವಾಗಿಲ್ಲ ಅನ್ಸುತ್ತೆ. 12,000 ಸಾಲ, ವರ್ಷಕ್ಕೆ ಬಡ್ಡಿ 1,440, ತಿಂಗಳ ಕಂತು 1,120. ಆದ್ರೆ ನೀವು ಪ್ರತಿ ತಿಂಗಳು ಅಸಲು ತೀರಿಸ್ತಾ ಬರ್ತೀರಿ. ಆರು ತಿಂಗಳಿಗೆ ಅರ್ಧ ಸಾಲ ತೀರಿರ್ತದೆ. ಬಡ್ಡಿ ಮಾತ್ರ ಕೊನೇ ತಿಂಗಳವರೆಗೂ ಪೂರ್ತಿ 12,000ದ ಮೇಲೇ ಬೀಳ್ತದೆ. ನೆಟ್ಟಗೆ ಲೆಕ್ಕ ಹಾಕಿದ್ರೆ ಅದು ವರ್ಷಕ್ಕೆ ನೂರಕ್ಕೆ 21 ರೂಪಾಯಿಗೂ ಮೇಲೆ. ಅರ್ಥಶಾಸ್ತ್ರ ಓದೋ ಹುಡುಗರು ಈ ಲೆಕ್ಕವನ್ನ ಒಮ್ಮೆ ಹಾಸ್ಟೆಲಿನ ಬೋರ್ಡಿನ ಮೇಲೆ ಮಾಡಿ ತೋರಿಸಿ. ನಾವು ಕಲಾ ಪದವಿಯೋರು, ಲೆಕ್ಕದಲ್ಲಿ ನಿಧಾನ. ಆದ್ರೂ ಬಡವರ ಮಕ್ಕಳಿಗೆ ಬಡ್ಡಿ ಲೆಕ್ಕ ಬರದೇ ಇರೋದು ಯಾರಿಗೆ ಲಾಭ ಅನ್ನೋದು ಗೊತ್ತಾಗೋಕೆ ಗಣಿತ ಬೇಕಿಲ್ಲ.

ಇದಕ್ಕೊಂದು ಹತಾರ ಇದೆ. 2024ರ ಅಕ್ಟೋಬರ್ 1ರಿಂದ, ಬ್ಯಾಂಕಾಗಲಿ ಫೈನಾನ್ಸ್ ಕಂಪನಿಯಾಗಲಿ, ಇಂಥ ಸಾಲ ಕೊಡೋ ಮೊದಲು ಒಂದು ಮುಖ್ಯಾಂಶಗಳ ಪತ್ರ ಕೊಡಲೇಬೇಕು, ಅದೂ ಸಾಲ ತಗೊಳ್ಳೋನಿಗೆ ಅರ್ಥವಾಗೋ ಭಾಷೆಯಲ್ಲಿ, ಅಂತ ರಿಸರ್ವ್ ಬ್ಯಾಂಕಿನ ನಿಯಮ. ಎಲ್ಲ ಚಾರ್ಜು ಸೇರಿಸಿ ವರ್ಷಕ್ಕೆ ನೂರಕ್ಕೆ ಎಷ್ಟು ಬೀಳ್ತದೆ ಅನ್ನೋ ಒಂದೇ ಒಂದು ಅಂಕಿ ಅದರಲ್ಲಿ ಇರಬೇಕು. ಅಂಗಡಿಯಲ್ಲಿ ನಿಂತು ‘ಅಣ್ಣಾ, ಕನ್ನಡದಲ್ಲಿ ಆ ಪತ್ರ ಕೊಡಿ’ ಅಂತ ಕೇಳಿ. ಮುಖ ಸಣ್ಣದು ಮಾಡ್ಕೊಂಡ್ರೆ ಮಾಡ್ಕೊಳ್ಳಲಿ. ಹಿಂದೆ ಅರ್ಜಿ ಹಿಡ್ಕೊಂಡು ತಾಲ್ಲೂಕು ಕಚೇರಿಯಲ್ಲಿ ನಿಂತಾಗಲೂ ಮುಖ ಸಣ್ಣದು ಮಾಡ್ಕೊಂಡಿದ್ರು.

ಇಷ್ಟರ ಮೇಲೆ ಒಂದು ಸಣ್ಣ ಸಂಗತಿ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳೀತು ಅಂತ ದೇಶದ ತುಂಬಾ ಡಂಗೂರ ಹೊಡೆದ್ರು. ಇಳಿದದ್ದು ನಿಜ, ಬಹಳ ಸಾಮಾನಿಗೆ ಇಳೀತು. ದೊಡ್ಡ ಟಿವಿಗೆ 28ರಿಂದ 18ಕ್ಕೆ ಬಂತು. ಆದ್ರೆ ಮೊಬೈಲ್ ಫೋನಿಗೆ ಮೊದಲೂ 18, ಆಮೇಲೂ 18. ‘ತೆರಿಗೆ ಇಳಿದ ಆಫರ್’ ಅಂತ ಯಾವನಾದ್ರೂ ನಿಮಗೆ ಫೋನ್ ತೋರಿಸಿದ್ರೆ ನಕ್ಕು ಮುಂದೆ ಹೋಗಿ.

ಈಗ ಹಾಸ್ಟೆಲ್ ಹುಡುಗ ಹುಡುಗಿಯರಿಗೆ ಎಲ್ಲಕ್ಕಿಂತ ಮುಖ್ಯವಾದ ಮಾತಿಗೆ ಬರೋಣ, ವಿದ್ಯಾರ್ಥಿವೇತನದ ಖಾತೆಗೆ.

ನಿಮ್ಮ ವಿದ್ಯಾರ್ಥಿವೇತನ ಬರೋದು ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗೆ. 2021ರ ಕೇಂದ್ರದ ನಿಯಮದ ಪ್ರಕಾರ ಪರಿಶಿಷ್ಟ ಜಾತಿಯ ಹಾಸ್ಟೆಲ್ ವಿದ್ಯಾರ್ಥಿಗೆ ಮೆಟ್ರಿಕ್ ನಂತರ, ಕೋರ್ಸಿನ ಮೇಲೆ, ವರ್ಷಕ್ಕೆ 4,000ದಿಂದ 13,500 ರೂಪಾಯಿ ಓದಿನ ಭತ್ಯೆ. ದೊಡ್ಡ ದುಡ್ಡೇನಲ್ಲ. ಯಾವಾಗ ಬರ್ತದೆ ಅಂತ ಹೇಳೋಕೂ ಆಗಲ್ಲ. ಅದಕ್ಕಾಗಿ ಅಪ್ಪ ಜಾತಿ ಆದಾಯ ಪತ್ರಕ್ಕೆ ನಾಡಕಚೇರಿಗೆ ಅಲೆದಿರ್ತಾನೆ, ನೀವು ಸೈಬರ್ ಸೆಂಟರಿನ ಮುಂದೆ ಮಧ್ಯಾಹ್ನದ ಊಟ ಬಿಟ್ಟು ನಿಂತಿರ್ತೀರಿ. ಅಷ್ಟು ಕಷ್ಟಪಟ್ಟು ಬರೋ ದುಡ್ಡು ಬಂದ ದಿನವೇ ಕಾಣೆಯಾಗೋ ಒಂದು ದಾರಿ ಇದೆ. ಹಬ್ಬದಲ್ಲಿ ಕಂತಿನ ಫೋನ್ ತಗೊಳ್ಳುವಾಗ ಒಂದು ಫಾರಂ ಮೇಲೋ ಫೋನಿನ ಪರದೆ ಮೇಲೋ ಸಹಿ ಹಾಕಿಸ್ಕೊಳ್ತಾರೆ. ಪ್ರತಿ ತಿಂಗಳು ಇಂಥ ತಾರೀಕು ನಿಮ್ಮ ಖಾತೆಯಿಂದ ಇಷ್ಟು ದುಡ್ಡು ತಾವೇ ತಗೊಳ್ಳೋಕೆ ನೀವು ಕೊಟ್ಟ ಒಪ್ಪಿಗೆ ಅದು. ಆಟೋಪೇ ಅಂತಾರೆ. ಖಾತೆಯಲ್ಲಿರೋ ದುಡ್ಡು ಫೀಜಿನದಾ, ಪುಸ್ತಕದ್ದಾ, ಊರಿಗೆ ಹೋಗೋ ಬಸ್ ಚಾರ್ಜಾ, ಅದಕ್ಕೆ ಗೊತ್ತಾಗಲ್ಲ. ದುಡ್ಡು ಇದ್ದರೆ ಎಳೀತದೆ. ಇಲ್ಲದಿದ್ರೆ ಕಂತು ತಪ್ಪಿತು ಅಂತ ಬ್ಯಾಂಕು ಒಂದು ದಂಡ, ಕಂಪನಿ ಇನ್ನೊಂದು ದಂಡ. ನಾಲ್ಕು ತಿಂಗಳ ನಂತರ ವಿದ್ಯಾರ್ಥಿವೇತನ ಬಂತು ಅನ್ನೋ ಮೆಸೇಜ್ ಬರ್ತದೆ, ಅದರ ಬೆನ್ನಿಗೇ ಕಂತು ಹೋಯ್ತು ಅನ್ನೋ ಮೆಸೇಜೂ ಬರ್ತದೆ.

ಆದ್ದರಿಂದ ಒಂದೇ ಒಂದು ಕಟ್ಟುನಿಟ್ಟು. ವಿದ್ಯಾರ್ಥಿವೇತನ ಬರೋ ಖಾತೆಯಿಂದ ಯಾವ ಕಂತಿಗೂ, ಯಾವ ಆ್ಯಪಿಗೂ, ಯಾವ ಗೆಳೆಯನ ಜಾಮೀನಿಗೂ ಒಪ್ಪಿಗೆ ಕೊಡಬೇಡಿ. ಕೊಟ್ಟಿದ್ರೆ, ಫೋನಿನ ಯುಪಿಐ ಆ್ಯಪಿನಲ್ಲಿ ಆಟೋಪೇ ಅನ್ನೋ ಕಡೆ ಹೋಗಿ ನೋಡಿ. ಯಾವ್ಯಾವುದಕ್ಕೆ ಒಪ್ಪಿಗೆ ಇದೆ ಅಂತ ಪಟ್ಟಿ ಇರ್ತದೆ, ಬೇಡದ್ದನ್ನ ಅಲ್ಲೇ ರದ್ದು ಮಾಡಬಹುದು. ಹಾಡು ಕೇಳೋ ಆ್ಯಪು, ಸಿನಿಮಾ ಆ್ಯಪು ‘ಒಂದು ರೂಪಾಯಿಗೆ ಒಂದು ತಿಂಗಳು’ ಅಂತ ಹತ್ತಿಸಿಕೊಂಡದ್ದೂ ಆ ಪಟ್ಟಿಯಲ್ಲೇ ಕೂತಿರ್ತದೆ. ಬ್ಯಾಂಕಿನ ಫಾರಂ ಮೇಲೆ ಕೊಟ್ಟ ಒಪ್ಪಿಗೆಯಾದ್ರೆ ಶಾಖೆಗೆ ಹೋಗಿ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ನಿಲ್ಲಿಸಬೇಕು. ಅರ್ಜಿಯ ಪ್ರತಿಗೆ ಸೀಲು ಹಾಕಿಸ್ಕೊಳ್ಳಿ. ಒಪ್ಪಿಗೆ ನಿಲ್ಲಿಸಿದ್ರೆ ಸಾಲ ತೀರೋದಿಲ್ಲ, ಅದು ನೆನಪಿರಲಿ. ಆದ್ರೆ ಯಾವ ದುಡ್ಡಲ್ಲಿ ಯಾವಾಗ ಕಟ್ಟಬೇಕು ಅನ್ನೋ ಅಧಿಕಾರ ನಿಮ್ಮ ಕೈಗೆ ವಾಪಸ್ ಬರ್ತದೆ.

ಅಂಬೇಡ್ಕರ್ 1913ರಲ್ಲಿ ಅಮೆರಿಕಕ್ಕೆ ಹೋದದ್ದು ಬರೋಡಾ ಮಹಾರಾಜರು ಕೊಟ್ಟ ತಿಂಗಳಿಗೆ ಹನ್ನೊಂದೂವರೆ ಪೌಂಡಿನ ವಿದ್ಯಾರ್ಥಿವೇತನದ ಮೇಲೆ. ಅದರಲ್ಲೇ ಹೊಟ್ಟೆ ಕಟ್ಟಿ ನ್ಯೂಯಾರ್ಕಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ಪುಸ್ತಕ ಕೊಂಡರು, ಮನೆಗೂ ದುಡ್ಡು ಕಳಿಸಿದರು. ಹತ್ತು ವರ್ಷದ ನಂತರ, 1923ರಲ್ಲಿ, ಲಂಡನ್ನಿನಲ್ಲಿ ಅವರ ಪುಸ್ತಕ ಬಂತು. ವಿಷಯ, ರೂಪಾಯಿಯ ಸಮಸ್ಯೆ. ಸಭೆಗಳಲ್ಲಿ ಅವರ ಫೋಟೋಕ್ಕೆ ಹಾರ ಹಾಕುವಾಗ ನಾವು ಅವರ ಕೋಟು ನೋಡ್ತೀವಿ, ಕನ್ನಡಕ ನೋಡ್ತೀವಿ. ಅವರು ಅರ್ಥಶಾಸ್ತ್ರದವರು, ದುಡ್ಡಿನ ಚಲನೆಯನ್ನ ಓದಿದವರು ಅನ್ನೋದನ್ನ ಮರೀತೀವಿ.

ಫೋನಿನ ಸಾಲದ ಆ್ಯಪುಗಳ ಬಗ್ಗೆ ಹೆಚ್ಚು ಬರೆಯೋಕೆ ಮನಸ್ಸು ಬರ್ತಿಲ್ಲ, ಅಷ್ಟು ಹೊಲಸು. ಆದ್ರೂ ಲೆಕ್ಕ ಕೇಳಿ. ಹಬ್ಬದ ಹಿಂದಿನ ರಾತ್ರಿ, ಐದು ನಿಮಿಷದಲ್ಲಿ 5,000 ಅಂತಾರೆ. ಕೈಗೆ ಬರೋದು 3,500. ಉಳಿದದ್ದು ಚಾರ್ಜು. ಏಳು ದಿನಕ್ಕೆ ಪೂರ್ತಿ 5,000 ವಾಪಸ್ ಕೇಳ್ತಾರೆ. ಊರಿನಲ್ಲಿ ಹತ್ತು ರೂಪಾಯಿ ಬಡ್ಡಿಯೋನನ್ನ ನಾವು ರಕ್ತ ಹೀರೋನು ಅಂತ ಬೈತೀವಿ. ಅವನು 3,500ಕ್ಕೆ ಒಂದು ತಿಂಗಳಿಗೆ ತಗೊಳ್ಳೋದು 350. ಇವರು ಒಂದೇ ವಾರಕ್ಕೆ 1,500. ಕಟ್ಟದಿದ್ರೆ ನಿಮ್ಮ ಫೋನಿನಲ್ಲಿರೋ ಹೆಸರುಗಳಿಗೆಲ್ಲಾ, ಮಾವನಿಗೆ, ಮೇಷ್ಟ್ರಿಗೆ, ಜೊತೆಯ ಹುಡುಗಿಗೆ ಫೋನ್ ಹೋಗ್ತದೆ. ಫೋಟೋ ಕೆಡಿಸಿ ಕಳಿಸ್ತಾರೆ. ಸಾಲದ ಆ್ಯಪು ನಿಮ್ಮ ಫೋನಿನ ಹೆಸರುಗಳ ಪಟ್ಟಿಯನ್ನಾಗಲಿ ಫೋಟೋಗಳನ್ನಾಗಲಿ ಮುಟ್ಟಕೂಡದು ಅಂತ 2022ರಲ್ಲೇ ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಮುಟ್ಟೋಕೆ ಅನುಮತಿ ಕೇಳಿದ ಆ್ಯಪು ಕಳ್ಳ ಆ್ಯಪು. ಸಿಕ್ಕಿಬಿದ್ದೋರು ಹೆದರಿ ಇನ್ನೊಂದು ಆ್ಯಪಿನಲ್ಲಿ ಸಾಲ ತೆಗೆದು ಇದಕ್ಕೆ ಕಟ್ಟೋಕೆ ಹೋಗಬೇಡಿ. ಕೋಣೆಯ ಗೆಳೆಯನಿಗೆ ಹೇಳಿ. ಅವರ ಬಂಡವಾಳ ನಿಮ್ಮ ನಾಚಿಕೆ. ನಾಚಿಕೆ ನಮಗೆ ಹೊಸದಲ್ಲ, ಬಾವಿ ಹತ್ತಿರ, ಹೋಟೆಲಿನ ಹೊರಗೆ, ಗುಡಿ ಮೆಟ್ಟಿಲ ಕೆಳಗೆ ನಮ್ಮನ್ನ ನಾಚಿಸಿ ಆಳಿದ ಸಮಾಜ ಇದು. ಅಲ್ಲಿ ತಲೆ ಎತ್ತಿದೋರು ಯಾವನೋ ಫೋನ್ ಮಾಡಿ ಬೈದ ಅಂತ ಹಗ್ಗ ಹುಡುಕಬಾರದು. 1930ಕ್ಕೆ ಫೋನ್ ಮಾಡಿ. ಸೈಬರ್ ಅಪರಾಧದ ಸಹಾಯವಾಣಿ ಅದು, ದೇಶಕ್ಕೆಲ್ಲಾ ಒಂದೇ ನಂಬರು.

ಇನ್ನು ಮನೆ. ನಾವು ಹಾಸ್ಟೆಲಿನಲ್ಲಿ ಇರ್ತೀವಿ, ಹಬ್ಬದ ಸಾಲದ ನಿಜವಾದ ಭಾರ ಇರೋದು ಅವ್ವನ ತಲೆ ಮೇಲೆ. ವಾರಕ್ಕೊಮ್ಮೆ ಬೈಕಿನ ಮೇಲೆ ಬ್ಯಾಗು ನೇತು ಹಾಕ್ಕೊಂಡು ಬರೋ ಹುಡುಗ, ಯಾವುದೋ ಮನೆಯ ಜಗಲಿ ಮೇಲೆ ಕೂತ ಹತ್ತು ಹೆಣ್ಣುಮಕ್ಕಳು, ಕೈಯಲ್ಲಿ ಹಳದಿ ಕಾರ್ಡು. ‘ಸಂಘದ ಸಾಲ’ ಅಂತಾರೆ. ಸಂಘ ಅನ್ನೋ ಮಾತು ಬುದ್ಧನ ಕಾಲದಿಂದ ಬಂದದ್ದು. ನಮ್ಮ ಘೋಷಣೆಯಲ್ಲೂ ಸಂಘಟನೆ ಇದೆ. ಅಂಥ ಮಾತು ಈಗ, ಒಬ್ಬಳು ಕಂತು ಕಟ್ಟಲಿಲ್ಲ ಅಂದ್ರೆ ಉಳಿದ ಒಂಬತ್ತು ಜನ ಅವಳ ಮನೆ ಮುಂದೆ ಕೂತು ಬೈಯೋ ಗುಂಪಿಗೆ ಹೆಸರಾಗಿದೆ. ಕಂಪನಿಯೋನು ಬೈಯೋದು ಬೇಕಾಗೇ ಇಲ್ಲ. ನಮ್ಮ ಹೆಣ್ಣುಮಕ್ಕಳ ಕೈಯಿಂದಲೇ ನಮ್ಮ ಹೆಣ್ಣುಮಕ್ಕಳಿಗೆ ಬೈಸ್ತಾರೆ. ಜಗಳೂರಿನಂಥ ಮಳೆ ಕೈಕೊಡೋ ಸೀಮೆಯಲ್ಲಿ, ದುಡಿಮೆಗೆ ಅಂತ ಘಟ್ಟದ ಕಾಫಿ ತೋಟಕ್ಕೋ ಮಂಡ್ಯದ ಕಬ್ಬಿಗೋ ಹೋಗೋ ತಾಂಡಾ, ಹಟ್ಟಿಗಳಲ್ಲಿ ಕೂಲಿ ಬರೋದು ಬಿಟ್ಟು ಬಿಟ್ಟು. ಕಂತು ಬರೋದು ತಪ್ಪದೆ. ಈ ಎರಡು ತಾರೀಕು ಹೊಂದದೇ ಇರೋ ಕಡೆ ಎರಡನೇ ಸಂಘ ಬರ್ತದೆ, ಮೊದಲನೇದನ್ನ ತೀರಿಸೋಕೆ. ಹಬ್ಬಕ್ಕೆ ಮೂರನೇದು. 2023ರ ಆಗಸ್ಟಿನಲ್ಲಿ ಶುರುವಾದ ಗೃಹಲಕ್ಷ್ಮಿಯ 2,000 ರೂಪಾಯಿ ಎಷ್ಟು ಮನೆಗಳಲ್ಲಿ ನೇರ ಕಾರ್ಡಿನ ಕಂತಿಗೆ ಹೋಗ್ತಿದೆ ಅಂತ ನಿಮ್ಮ ಕೇರಿಯಲ್ಲೇ ಕೇಳಿ ನೋಡಿ.

ಹೊನ್ನಾಳಿಯ ಪಕ್ಕದ ಜಿಲ್ಲೆ ಹಾವೇರಿ. ಅಲ್ಲಿನ ಹೆಣ್ಣುಮಕ್ಕಳು 2025ರ ಜನವರಿಯಲ್ಲಿ, ಈ ಕಿರುಸಾಲದವರ ಕಾಟದಿಂದ ನಮ್ಮ ಮಾಂಗಲ್ಯ ಉಳಿಸಿ ಅಂತ ತಾಳಿಗಳನ್ನೇ ಮುಖ್ಯಮಂತ್ರಿಗೆ ಅಂಚೆಯಲ್ಲಿ ಕಳಿಸಿದರು. ರಾಜ್ಯದ ಹಲವು ಕಡೆ ಜನ ಮನೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ಬಂದ ಕಾಲ ಅದು. ಆಮೇಲೆ ಫೆಬ್ರವರಿ 12ರಂದು ರಾಜ್ಯಪಾಲರು ಸುಗ್ರೀವಾಜ್ಞೆಗೆ ಸಹಿ ಹಾಕಿದರು. ಸಾಲ ವಸೂಲಿಗೆ ಹಿಂಸೆ, ಬೆದರಿಕೆ, ಅವಮಾನ ಮಾಡಿದ್ರೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಅಂತ ಅದರಲ್ಲಿದೆ. ರಿಸರ್ವ್ ಬ್ಯಾಂಕಿನ 2022ರ ನಿಯಮ ಇನ್ನೂ ಬೇರೆ ಇದೆ. ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರೋ ಮನೆಗೆ ಕೊಡೋ ಕಿರುಸಾಲಕ್ಕೆ ಯಾವ ಒತ್ತೆಯನ್ನೂ ಕೇಳೋ ಹಂಗಿಲ್ಲ. ಆ ಮನೆಯ ಎಲ್ಲ ಸಾಲದ ಕಂತೂ ಸೇರಿ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚಾಗಬಾರದು. ಬೆಳಿಗ್ಗೆ ಒಂಬತ್ತಕ್ಕೆ ಮೊದಲು, ಸಂಜೆ ಆರರ ನಂತರ ವಸೂಲಿಗೆ ಕಾಡಬಾರದು. ಈ ಮಾತುಗಳು ಅವ್ವಂದಿರಿಗೆ ತಲುಪಿಲ್ಲ. ತಲುಪಿಸಬೇಕಾದೋರು ಯಾರು? ಓದು ಬಂದ ನಾವೇ. ಹಬ್ಬಕ್ಕೆ ಊರಿಗೆ ಹೋದಾಗ ಅವ್ವನ ಕಾರ್ಡುಗಳನ್ನೆಲ್ಲಾ ಚಾಪೆ ಮೇಲೆ ಹರವಿ, ಒಟ್ಟು ಎಷ್ಟು, ಯಾವುದು ಯಾವಾಗ ಮುಗೀತದೆ ಅಂತ ಒಂದು ಹಾಳೆ ಮೇಲೆ ಬರೆದುಕೊಡಿ. ಹೊಸ ಸೀರೆಗಿಂತ ಆ ಹಾಳೆ ಅವ್ವನಿಗೆ ಹೆಚ್ಚು ದಿನ ಬಾಳಿಕೆ ಬರ್ತದೆ. ಸೀರೆಯೂ ಕೊಡಿಸಿ, ನಗದು ಕೊಟ್ಟು.

ಬಂಗಾರದ ಮಾತು ಬಂದ್ರೆ ನ್ಯಾಮತಿ ನೆನಪಾಗದೇ ಇರಲ್ಲ. 2024ರ ಅಕ್ಟೋಬರ್ ಕೊನೆ, ದೀಪಾವಳಿಗೆ ಇನ್ನೂ ನಾಲ್ಕೈದು ದಿನ ಇತ್ತು. ನ್ಯಾಮತಿಯ ಸ್ಟೇಟ್ ಬ್ಯಾಂಕ್ ಶಾಖೆಯ ಕಿಟಕಿ ಮುರಿದು, ಲಾಕರ್ ಕೊರೆದು, ಜನ ಅಡವಿಟ್ಟಿದ್ದ 17 ಕಿಲೋಗೂ ಹೆಚ್ಚು ಬಂಗಾರ ಕದ್ದೊಯ್ದರು. ನಾಯಿಗೆ ವಾಸನೆ ಸಿಗಬಾರದು ಅಂತ ಖಾರದ ಪುಡಿ ಚೆಲ್ಲಿ ಹೋಗಿದ್ದರು. ಐದು ತಿಂಗಳು ಕಳೆದು, 2025ರ ಮಾರ್ಚ್ ಕೊನೆಗೆ, ತಮಿಳುನಾಡಿನ ಉಸಿಲಂಪಟ್ಟಿ ಕಡೆಯ ಒಂದು ಬಾವಿಯಿಂದ ಅದರ ಬಹುಪಾಲು ಪೊಲೀಸರಿಗೆ ಸಿಕ್ಕಿತು. ಪತ್ರಿಕೆಗಳು ಇದನ್ನ ಸಿನಿಮಾ ಕತೆ ಹಂಗೆ ಬರೆದವು. ನಮಗೆ ಆ ಕತೆಗಿಂತ, ಬ್ಯಾಂಕಿನ ಬಾಗಿಲಲ್ಲಿ ರಸೀದಿ ಹಿಡ್ಕೊಂಡು ನಿಂತೋರು ಕಾಣ್ತಾರೆ. ಒಂದು ಸಣ್ಣ ಊರಿನ ಒಂದು ಶಾಖೆಯಲ್ಲಿ ಹದಿನೇಳು ಕಿಲೋ ಬಂಗಾರ ಅಡವು ಬಿದ್ದಿತ್ತು ಅಂದ್ರೆ ಎಷ್ಟು ಕಿವಿಗಳ ಓಲೆ, ಎಷ್ಟು ಕೊರಳಿನ ಸರ ಅಲ್ಲಿದ್ದವು ಲೆಕ್ಕ ಹಾಕಿ. ಬಿತ್ತನೆಗೆ, ಫೀಜಿಗೆ, ಆಸ್ಪತ್ರೆಗೆ, ಹಬ್ಬಕ್ಕೆ.

ಅಡವು ಇಡೋದೇ ತಪ್ಪು ಅಂತಲ್ಲ. ಕಷ್ಟ ಬಂದಾಗ ಬಡವನ ಬ್ಯಾಂಕು ಅವ್ವನ ಕಿವಿಯೇ. ಬಡ್ಡಿ ಅಂಗಡಿಗಿಂತ ಬ್ಯಾಂಕಿನ ಅಡವು ಎಷ್ಟೋ ವಾಸಿ. ಕಳವಾದದ್ದು ಬ್ಯಾಂಕಿನಲ್ಲಿ ಆದ್ದರಿಂದ ಕೇಳೋಕೆ ಒಂದು ಬಾಗಿಲಾದ್ರೂ ಇತ್ತು, ರಸೀದಿ ಕೊಡದೆ ಚೀಲದಲ್ಲಿ ಕಟ್ಟಿಟ್ಕೊಳ್ಳೋ ಅಂಗಡಿಯಾಗಿದ್ರೆ ಏನು ಗತಿ? ಆದ್ರೆ ಒಂದು ದಿನದ ಪಟಾಕಿಗೆ, ಒಂದು ಟಿವಿಗೆ ಓಲೆ ಬಿಚ್ಚಬಾರದು ಅಂತ ನಮ್ಮ ಅಭಿಪ್ರಾಯ. ಬಂಗಾರದ ಬೆಲೆ ಏರಿದಷ್ಟೂ ಅದರ ಮೇಲೆ ಹೆಚ್ಚು ಸಾಲ ಸಿಗ್ತದೆ, ಹೆಚ್ಚು ಸಿಕ್ಕಷ್ಟೂ ಬಿಡಿಸೋದು ದೂರವಾಗ್ತದೆ. ಅಡವಿಟ್ಟೋರು ತೂಕ, ಗುಣಮಟ್ಟ, ಬಡ್ಡಿ, ಕೊನೇ ತಾರೀಕು ಬರೆದ ರಸೀದಿ ಕೇಳಿ ತಗೊಳ್ಳಿ. ರಿಸರ್ವ್ ಬ್ಯಾಂಕ್ 2025ರಲ್ಲಿ ಮಾಡಿ, 2026ರ ಏಪ್ರಿಲ್ 1ರೊಳಗೆ ಜಾರಿಗೆ ತರಲು ಹೇಳಿದ ನಿಯಮದಲ್ಲಿ ಸಾಲ ಪೂರ್ತಿ ತೀರಿಸಿದ ಮೇಲೆ ಏಳು ಕೆಲಸದ ದಿನದೊಳಗೆ ಒಡವೆ ವಾಪಸ್ ಕೊಡಬೇಕು. ತಮ್ಮ ತಪ್ಪಿನಿಂದ ತಡ ಮಾಡಿದ್ರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಹರಾಜು ಹಾಕೋ ಮೊದಲು ನೋಟೀಸು ಕೊಡಬೇಕು, ಹರಾಜಿನಲ್ಲಿ ಸಾಲಕ್ಕಿಂತ ಹೆಚ್ಚು ಬಂದ್ರೆ ಹೆಚ್ಚಿನ ದುಡ್ಡು ನಿಮ್ಮದು.

ಪಟಾಕಿ ಚೀಟಿ, ಹಬ್ಬದ ಚೀಟಿ ಬಗ್ಗೆ ಎರಡೇ ಮಾತು. ತಿಂಗಳಿಗೆ ಇನ್ನೂರು ಕಟ್ಟಿದ್ರೆ ದೀಪಾವಳಿಗೆ ಎಣ್ಣೆ, ಬೆಲ್ಲ, ಬೇಳೆ, ಪಾತ್ರೆ ಅಂತ ಕಟ್ಟಿಸ್ಕೊಂಡು ಹಬ್ಬದ ವಾರ ಅಂಗಡಿ ಬಾಗಿಲು ಹಾಕಿ ಹೋದೋರ ಸುದ್ದಿ ವರ್ಷ ವರ್ಷವೂ ಪೇಪರಿನಲ್ಲಿ ಬರ್ತದೆ. ನೋಂದಣಿ ಇಲ್ಲದ ಚೀಟಿ 1982ರ ಕಾಯ್ದೆ ಪ್ರಕಾರ ನಡೆಸೋ ಹಂಗೇ ಇಲ್ಲ. ಅದೇ ಇನ್ನೂರನ್ನ ಅಂಚೆ ಕಚೇರಿಯ ಪುಸ್ತಕದಲ್ಲಿ ಅವ್ವನ ಹೆಸರಿಗೆ ಹಾಕಿ. ಪೋಸ್ಟ್‌ಮ್ಯಾನ್ ಓಡಿಹೋಗಲ್ಲ.

ಹುಡುಗರ ಹತ್ತಿರ ಇನ್ನೊಂದು ವಿಷಯ ಖಾರವಾಗೇ ಹೇಳಬೇಕು. ಹಬ್ಬದ ಖರ್ಚಿಗೆ ಅಂತ, ‘ನಿನ್ನ ಅಕೌಂಟ್, ಎಟಿಎಂ ಕಾರ್ಡು, ಸಿಮ್ಮು ಒಂದು ವಾರ ಕೊಡು, ಮೂರು ಸಾವಿರ ಕೊಡ್ತೀನಿ’ ಅಂತ ಕೇಳೋ ಅಣ್ಣಂದಿರು ಕಾಲೇಜುಗಳ ಸುತ್ತ ಓಡಾಡ್ತಾರೆ. ಎಲ್ಲೋ ಯಾರಿಗೋ ಮೋಸ ಮಾಡಿದ ದುಡ್ಡು ನಿಮ್ಮ ಖಾತೆಗೆ ಬಂದು ಹೋಗ್ತದೆ. ಪೊಲೀಸರು ಬರುವಾಗ ಆ ಅಣ್ಣ ಇರಲ್ಲ, ಖಾತೆ ಮೇಲೆ ಹೆಸರಿರೋದು ನಿಮ್ಮದು. ಖಾತೆ ಸ್ತಂಭನ, ಅದರೊಳಗಿನ ವಿದ್ಯಾರ್ಥಿವೇತನವೂ ಸ್ತಂಭನ, ಮೇಲೆ ಕೇಸು. ಸರ್ಕಾರಿ ನೌಕರಿಗೆ ಪರೀಕ್ಷೆ ಬರೆಯೋನಿಗೆ ಕೇಸು ಅಂದ್ರೆ ಏನು ಅಂತ ನಾವು ಹೇಳಬೇಕಾಗಿಲ್ಲ. ಇಂಥ ಕೆಲಸಕ್ಕೆ ನಮ್ಮ ಹುಡುಗರನ್ನೇ ಯಾಕೆ ಹುಡುಕ್ತಾರೆ? ಕೇಳೋರು ಯಾರೂ ಇಲ್ಲ ಅನ್ನೋ ಧೈರ್ಯ ಅವರಿಗೆ.

ವಾಟ್ಸಾಪಿನಲ್ಲಿ ಹಬ್ಬದ ಗಿಫ್ಟು, ಮದುವೆ ಕರೆಯೋಲೆ ಅಂತ ಬರೋ ಫೈಲನ್ನ ಫೋನಿಗೆ ಇಳಿಸ್ಕೊಂಡ್ರೆ ಫೋನೇ ಕಳ್ಳನ ಕೈಗೆ ಹೋಗ್ತದೆ. ದುಡ್ಡು ಬರೋಕೆ ಪಿನ್ ಒತ್ತಬೇಕಾಗಿಲ್ಲ, ಹೋಗೋಕೆ ಮಾತ್ರ ಒತ್ತಬೇಕು. ಇದನ್ನ ಊರಿನಲ್ಲಿ ಹೊಸದಾಗಿ ಫೋನ್ ಪೇ ಕಲಿತ ಅಪ್ಪಂದಿರಿಗೆ, ತರಕಾರಿ ಮಾರೋ ಅಕ್ಕಂದಿರಿಗೆ ಹೇಳಿಕೊಡಿ. ಹೋದ ಮೇಲೆ ತಡ ಮಾಡದೆ 1930. ಎಷ್ಟು ಬೇಗ ಹೇಳಿದ್ರೆ ಅಷ್ಟು ಸಲೀಸು, ದುಡ್ಡು ಇನ್ನೊಂದು ಖಾತೆ ದಾಟೋ ಮೊದಲು ತಡೆಯಬಹುದು.

ಹಬ್ಬದ ರಜೆಗೆ ಮೆಸ್ ಮುಚ್ಚೋ ಮೊದಲು ಒಂದು ಸಂಜೆ, ಊಟ ಆದ ಮೇಲೆ, ಹಾಸ್ಟೆಲಿನ ಹಜಾರದಲ್ಲಿ ಎಲ್ಲರೂ ಸುತ್ತ ಕೂತ್ಕೊಳ್ಳಿ. ವಾರ್ಡನ್ ಅಪ್ಪಣೆ ಬೇಕಾಗಿಲ್ಲ ಇದಕ್ಕೆ. ಒಬ್ಬೊಬ್ಬರೂ ಫೋನ್ ತೆಗೆದು ಆಟೋಪೇ ಪಟ್ಟಿ ನೋಡಿ, ಬೇಡದ್ದು ಅಳಿಸಿ. ಗೊತ್ತಿದ್ದೋರು ಗೊತ್ತಿಲ್ಲದೋರಿಗೆ ತೋರಿಸಿ. ಪಿನ್ ಮಾತ್ರ ಯಾರೂ ಯಾರಿಗೂ ಹೇಳಬೇಡಿ, ಎಷ್ಟೇ ಜೀವದ ಗೆಳೆಯ ಆದ್ರೂ. ಯಾರಾದ್ರೂ ಸಾಲದಲ್ಲಿ ಸಿಕ್ಕಿದ್ರೆ ನಗಬೇಡಿ, ಒಟ್ಟು ಎಷ್ಟು ಅಂತ ಬರೆಸಿ. ಬ್ಯಾಂಕು, ಫೈನಾನ್ಸು ದೂರು ಕೇಳದಿದ್ರೆ ರಿಸರ್ವ್ ಬ್ಯಾಂಕಿನ 14448, ಅಂಗಡಿಯೋನು ಮೋಸ ಮಾಡಿದ್ರೆ ಗ್ರಾಹಕರ ಸಹಾಯವಾಣಿ 1915, ದುಡ್ಡು ಕಳುವಾದ್ರೆ 1930. ಮೂರನ್ನೂ ಸೀಮೆಸುಣ್ಣದಲ್ಲಿ ನೋಟೀಸ್ ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯಿರಿ. ಊರಿಗೆ ಹೋಗುವಾಗ ಒಂದು ಖಾಲಿ ಹಾಳೆ, ಒಂದು ಪೆನ್ನು ಬ್ಯಾಗಿನಲ್ಲಿ ಇರಲಿ, ಅವ್ವನ ಕಾರ್ಡುಗಳ ಲೆಕ್ಕಕ್ಕೆ.